ಉತ್ತರದ ಬಾಗಿಲು

ಎನಿಡ್ ರೌಸೆಲ್‌ಗೆ ಎಪ್ಪತ್ತಾರಾಗಿತ್ತು, ಮತ್ತು ವಿಕ್ಕಾ, ಅಂದರೆ ದೇವಿಯನ್ನೂ ಚಂದ್ರನನ್ನೂ ಪೂಜಿಸುವ ಮಾಟಗಾತಿಯರ ಧರ್ಮ, ಅವಳಿಗೆ ಸಾಕುಸಾಕಾಗಿ ಹೋಗಿತ್ತು. ದೇವಿಯ ಮೇಲೆ ಮುನಿಸೇನಿರಲಿಲ್ಲ. ವರ್ಷಕ್ಕೆ ಎಂಟು ಹಬ್ಬ, ಮೇಲೆ ಹುಣ್ಣಿಮೆಗಳು. ಪ್ರತಿ ಸಲವೂ ಕುರ್ಚಿ ಸರಿಸು, ಜಮಖಾನೆ ಸುತ್ತು, ನೆಲದ ಮೇಲೆ ವೃತ್ತ ಎಳೆ, ಉಪ್ಪುನೀರು ಚಿಮುಕಿಸು. ಮೂವತ್ತೆರಡು ವರ್ಷ ಇದನ್ನೇ ಮಾಡಿ ಮಂಡಿಚಿಪ್ಪು ಸವೆದಿತ್ತು. ಇವತ್ತು ಸಂಜೆ ಸೋವಿನ್, ಸತ್ತವರನ್ನು ನೆನೆಯುವ ಹಬ್ಬ. ಅದರ ಜೊತೆಗೇ ಗುಂಪಿನ ಹಿರಿತನವನ್ನು ಮರಿಯನ್ ಟಲ್ಕ್‌ಗೆ ಒಪ್ಪಿಸಿ ಕೈತೊಳೆದುಕೊಂಡರೆ ಮುಗಿಯಿತು.

ಹಿರಿಯಳಾಗುವವಳು ಹಿಂದಿನವಳ ಪೂಜಾವಿಧಿಯ ಪುಸ್ತಕವನ್ನು ತನ್ನ ಕೈಯಾರೆ ನಕಲು ಮಾಡಬೇಕು. ಅಚ್ಚು ಹಾಕಿಸಿದ್ದು ನಡೆಯದು. ಮರಿಯನ್ ಈ ಊರಿನ ನರ್ಸ್. ಹನ್ನೊಂದು ವರ್ಷದ ಹಿಂದೆ ಒಂಬತ್ತು ವರ್ಷದ ಮಗಳು ಬ್ರೈಯೊನಿ ಜ್ವರದಲ್ಲಿ ತೀರಿಕೊಂಡ ಮೇಲೆ ಗುಂಪಿಗೆ ಬಂದವಳು. ನಾಲ್ಕು ದಿನದಿಂದ ಎನಿಡ್‌ಳ ಅಡುಗೆಮನೆಯ ಮೇಜಿನ ಮೇಲೆ ಬಗ್ಗಿ ಬರೆಯುತ್ತಿದ್ದಳು. ಬೇಲಿಯಾಚೆ ಕಾಡಿನ ಕುದುರೆಗಳು ಮಳೆಯಲ್ಲಿ ನೆನೆಯುತ್ತ ನಿಂತಿದ್ದವು.

"ಉತ್ತರದ ಬಾಗಿಲು ತೆರೆದು ಮೌನವಾಗಿ ಕಾಯುವುದು," ಎಂದು ಮರಿಯನ್ ಓದಿದಳು. "ಇದನ್ನ ನಿಮ್ಮಜ್ಜಿ ಹೇಳ್ಕೊಟ್ಟಾಗ ನಿಮಗೆಷ್ಟು ವಯಸ್ಸು? ಕೆಳಗೆ ಬರೀತೀನಿ. ಮುಂದೆ ಬರೋರಿಗೂ ಗೊತ್ತಿರ್ಲಿ."

ಏಳು ವರ್ಷ ಎಂದು ಎನಿಡ್ ಹೇಳಿಬಿಡಬಹುದಿತ್ತು. ಬಾಯಿಗೆ ಆ ಸುಳ್ಳು ರೂಢಿಯಾಗಿತ್ತು. ಆದರೆ ಒಮ್ಮೆ ಶಾಯಿಯಲ್ಲಿ ಇಳಿದರೆ ಅದು ತನ್ನ ಕೈ ಮೀರಿ ಹೋಗುತ್ತದೆ. ಸುಳ್ಳನ್ನು ಹೊರುವುದಕ್ಕೂ ಈಗ ಅವಳಲ್ಲಿ ತ್ರಾಣವಿರಲಿಲ್ಲ.

"ನಮ್ಮಜ್ಜಿ ಚರ್ಚ್ ಬಿಟ್ಟು ಬೇರೆ ಕಡೆ ಕಾಲಿಟ್ಟೋಳಲ್ಲ ಕಣೇ. ಇದನ್ನೆಲ್ಲ ನೋಡಿದ್ರೆ ಪೊರಕೆ ತಗೊಂಡಿರೋಳು. ಹಾರೋಕಲ್ಲ, ಬಾರಿಸೋಕೆ."

ಮರಿಯನ್ ನಗದಿದ್ದರೂ ಎನಿಡ್ ಮಾತು ಮುಂದುವರಿಸಿದಳು.

"ಮಾಟ ಮಾಡಬಾರ್ದು ಅನ್ನೋ ಕಾನೂನು ಐವತ್ತೊಂದನೇ ಇಸವೀಲಿ ಹೋಯ್ತಲ್ಲ, ಆಮೇಲೆ ಎಲ್ಲರಿಗೂ ಬಾಯಿಬಿಡೋ ಧೈರ್ಯ ಬಂತು. ನನಗೆ ದೀಕ್ಷೆ ಕೊಟ್ಟ ಮುದುಕ ಟೈಪ್ ಮಾಡಿದ ಹಾಳೆಗಳನ್ನ ಕೊಟ್ಟು, ಸಾವಿರಾರು ವರ್ಷದ್ದು ಅಂದ. ಶಾಯಿ ಇನ್ನೂ ಕೈಗೆ ಮೆತ್ತುತ್ತಿತ್ತು. ಅರ್ಧ ಹಳೇ ಪುಸ್ತಕಗಳದ್ದು, ಅರ್ಧ ಅವನ ತಲೇದು."

"ಅಷ್ಟು ನಾನೂ ಓದಿದೀನಿ ಬಿಡಿ. ಧರ್ಮ ಹೊಸದಾದ್ರೇನು, ಚಂದ್ರ ಹಳಬನೇ, ಕಾಡೂ ಹಳೇದೇ. ಯಾರಿಗೂ ಕೇಡು ಮಾಡದೆ ಬದುಕು ಅನ್ನೋಕೆ ಅಜ್ಜಿ ಯಾಕ್ರೀ ಬೇಕು? ಆದ್ರೆ ಈ ಬಾಗಿಲು ಮಾತ್ರ ಅಜ್ಜೀದೇ ಅಂದಿದ್ರಿ."

"ಬಾಗಿಲು ನಾಯೀದು."

ನಾಯಿಯ ಹೆಸರು ಡಿಗ್ಗರ್. ಪೂಜೆ ನಡುವೆ ಹೊರಗೆ ಹೋಗಬೇಕೆಂದು ಕುಂಯ್‌ಗುಡುತ್ತಿತ್ತು. ಈಗ ಬಾಗಿಲು ತೆಗೆ, ಅದು ಬರುವ ತನಕ ಕಾಯು ಎಂದು ಎನಿಡ್ ಪುಸ್ತಕದ ಅಂಚಿನಲ್ಲಿ ಗುರುತು ಹಾಕಿಕೊಂಡಿದ್ದಳು. ಬೇರೆ ಗುಂಪು ಕಟ್ಟಲು ಹೊರಟ ಮೊದಲ ಶಿಷ್ಯೆ ನಕಲು ಮಾಡುವಾಗ ಅದನ್ನೂ ಭಕ್ತಿಯಿಂದ ವಿಧಿಯೊಳಗೆ ಸೇರಿಸಿ ಬರೆದಳು. ಏನಿದು ಎಂದು ಅವಳು ಕೇಳಿದಾಗ ಎನಿಡ್ ನಾಚಿಕೆಯಿಂದ ಅಜ್ಜಿಯದು ಎಂದುಬಿಟ್ಟಳು, ಆಮೇಲೆ ತನ್ನ ಪುಸ್ತಕದಲ್ಲೂ ಅದನ್ನು ವಿಧಿಯಂತೆಯೇ ತಿದ್ದಿ ಬರೆದುಕೊಂಡಳು. ಈಗ ಆ ಶಿಷ್ಯೆಯ ಶಿಷ್ಯೆಯರು ಆಸ್ಟ್ರೇಲಿಯಾದಲ್ಲೂ ಬಾಗಿಲು ತೆರೆದು ಗಂಭೀರವಾಗಿ ನಿಲ್ಲುತ್ತಾರೆ.

ಮರಿಯನ್ ಪೆನ್ನು ಕೆಳಗಿಟ್ಟಳು. ಪ್ರತಿ ಸೋವಿನ್‌ನಲ್ಲೂ ಅವಳು, ತೀರಿಕೊಂಡ ಮಗಳು ಬಂದಿದ್ದಾಳೆಂದು ನಂಬಿ, ಆ ಬಾಗಿಲಲ್ಲಿ ಅವಳೊಡನೆ ನಿಲ್ಲುತ್ತಿದ್ದಳು. ಅದು ಗುಂಪಿಗೆಲ್ಲ ಗೊತ್ತಿತ್ತು.

"ಸತ್ತವರು ಅಲ್ಲೀತನಕ ಬರ್ತಾರೆ ಅಂದ್ರಿ. ನನ್ನ ಕೈ ಹಿಡ್ಕೊಂಡು ಅಂದ್ರಿ."

"ನೀನು ಊಟ ಬಿಟ್ಟಿದ್ದೆ. ಏನಾದ್ರೂ ಹೇಳ್ಬೇಕಿತ್ತು."

"ಹನ್ನೊಂದು ವರ್ಷ ನನ್ನ ಪಕ್ಕ ನಿಂತು ನೀವೇನು ಮಾಡ್ತಿದ್ರಿ?"

"ಕಾಲು ನೋಯ್ತಿತ್ತು," ಎಂದಳು ಎನಿಡ್. "ಯಾವಾಗ ಮುಗಿಯುತ್ತೋ ಅಂತ ಕಾಯ್ತಿದ್ದೆ."

ಮರಿಯನ್ ಎದ್ದು ಕಿಟಕಿಯ ಬಳಿ ಹೋಗಿ ಬೆನ್ನು ಹಾಕಿ ನಿಂತಳು. ಇವಳು ಹೊರಟುಹೋದರೆ ಗುಂಪು ಚದುರುತ್ತದೆ, ಹಾಯಾಗಿ ನಿದ್ದೆ ಮಾಡಬಹುದು ಎಂದು ಎನಿಡ್ ಅಂದುಕೊಂಡಳು. ಅಂದುಕೊಂಡ ಕೂಡಲೇ ಹೆದರಿಕೆಯಾಯಿತು. ಇವಳನ್ನು ಬಿಟ್ಟರೆ ತನಗೆ ಯಾರೂ ಇರಲಿಲ್ಲ.

ಬಹಳ ಹೊತ್ತಿನ ಮೇಲೆ ಮರಿಯನ್ ಬಂದು ಕುಳಿತು ಆ ಸಾಲನ್ನು ಪೂರ್ತಿ ಬರೆದಳು. ಅದರ ಕೆಳಗೆ, ಡಿಗ್ಗರ್ ಎಂಬ ನಾಯಿಯಿಂದ ಬಂದದ್ದು ಎಂದು ಸೇರಿಸಿದಳು.

"ಸಂಜೆ ನೀವು ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ," ಎಂದಳು. ಅದು ರೋಗಿಗಳಿಗೆ ಗದರುವ ದನಿ, ಅದರಲ್ಲಿ ಮಮತೆಯೇನಿರಲಿಲ್ಲ. "ಬಾಗಿಲಲ್ಲಿ ನಾನು ನಿಲ್ತೀನಿ. ನಾನು ನಿಲ್ದಿದ್ರೆ ಅವಳು ಬಂದು ಯಾರನ್ನ ನೋಡ್ಬೇಕು?"

ಮೂವತ್ತೆರಡು ವರ್ಷದಲ್ಲಿ ಎನಿಡ್‌ಗೆ ಕೂತ್ಕೋ ಎಂದವರು ಯಾರೂ ಇರಲಿಲ್ಲ. ಅವಳು ಮುಖ ಮುಚ್ಚಿಕೊಂಡು ಅತ್ತಳು.