ಭಂಡಾರ ಹಚ್ಚಿದ ಪದವಿ

ಸುದ್ದಿ ತಿಳಿದದ್ದು ಮಂಗಳವಾರ, ಹೊತ್ತು ಏರುವಾಗ. ರಾಜೇಶ್ವರ ಎಂಬ ಊರಿನ ಬೀರಲಿಂಗನ ಗುಡಿಯ ಪೂಜಾರಿ ಅಮೋಘಸಿದ್ದಪ್ಪನವರು ಬೆಳಗಿನ ಪೂಜೆ ಮುಗಿಸಿ, ಕುರಿಗಳನ್ನು ಊರ ಹೊರಗಿನ ಬೀಳಿಗೆ ಹೊಡೆದುಕೊಂಡು ಹೋಗಿದ್ದರು. ಅಂಗಿಯ ಜೇಬಿನಲ್ಲಿದ್ದ ಫೋನು ಎರಡು ಸಲ ಬಡಿದುಕೊಂಡು ಸುಮ್ಮನಾಯಿತು. ಮೂರನೆಯ ಸಲ ಎತ್ತಿದರು. ಹುಮನಾಬಾದಿನಿಂದ ಮಗನ ಗೆಳೆಯ ಫೈಜಲನ ದನಿ.

"ಚಾಚಾ, ಎಲ್ಲಿದ್ದೀರಿ? ಮೊದಲ ನೆರಳಿಗೆ ಕೂಡ್ರಿ."

ಕೂಡು ಎಂದವನ ದನಿಯಲ್ಲೇ ಅವರಿಗೆ ಎಲ್ಲ ತಿಳಿದುಹೋಯಿತು. ಆದರೂ ಬೇವಿನ ಗಿಡದ ಬುಡಕ್ಕೆ ಹೋಗಿ ಕುಳಿತರು. ಮಗ ಜ್ಞಾನೇಶ್ವರ ಹುಮನಾಬಾದ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಊರಿನ ಬಸ್ಸಿಗಾಗಿ ಕಾಯುತ್ತ ಕುಳಿತವನು ಹಾಗೆಯೇ ಕಂಬಕ್ಕೆ ಒರಗಿದ್ದನಂತೆ. ನಿದ್ದೆ ಹತ್ತಿರಬೇಕೆಂದು ಜನ ಎಬ್ಬಿಸಲಿಲ್ಲ. ಎರಡು ಬಸ್ಸು ಬಂದು ಹೋದವು. ಮೂರನೆಯ ಬಸ್ಸಿನ ಕಂಡಕ್ಟರು ಗುರುತಿನವನು, "ಸರ್, ಬರೂದಿಲ್ಲೇನು?" ಎಂದು ಭುಜ ಮುಟ್ಟಿದ. ನಲವತ್ಮೂರು ವರ್ಷದ ದೇಹ ಒಂದು ಕಡೆಗೆ ವಾಲಿತು.

ಸಂಜೆಗೆ ಸ್ವಂತ ಹೊಲದ ಬದುವಿನಲ್ಲಿ ಮಣ್ಣಾಯಿತು. ಬಂದ ಮಂದಿಯನ್ನು ನೋಡಿ ಊರವರೇ ಬೆರಗಾದರು. ಹುಲಸೂರಿನಿಂದ, ಹುಡಗಿ ಊರಿನಿಂದ, ಕಲ್ಯಾಣದಿಂದ ಹುಡುಗ ಹುಡುಗಿಯರು ಬಂದು ಒಂದೊಂದು ಹಿಡಿ ಮಣ್ಣು ಹಾಕಿ ಅತ್ತರು. ಎಲ್ಲರೂ ಜ್ಞಾನೇಶ್ವರ ಸರ್‌ನ ಕೈಯಲ್ಲಿ ಪದವಿ ಪಡೆದವರು.

ಜ್ಞಾನೇಶ್ವರ ಹುಮನಾಬಾದಿನಲ್ಲಿ ಒಂದು ಕೋಣೆ ಹಿಡಿದು, ಮನೆಯಲ್ಲೇ ಕುಳಿತು ಡಿಗ್ರಿ ಓದುವವರ ಕೇಂದ್ರ ನಡೆಸುತ್ತಿದ್ದ. ವಿಶ್ವವಿದ್ಯಾಲಯ ದೂರದ ಉತ್ತರದ ಕಡೆಯದು. ಅಲ್ಲಿಂದ ಪುಸ್ತಕ ಬರುತ್ತಿದ್ದವು, ಪ್ರಶ್ನೆಪತ್ರಿಕೆ ಬರುತ್ತಿದ್ದವು. ಅವನ ಎಂ.ಎ. ಕೂಡ ಅಲ್ಲಿಯದೇ. ಎರಡು ವರ್ಷದ ಹಿಂದೆ ಆ ಕಡೆಯ ದೊಡ್ಡವರು ಬಸವಕಲ್ಯಾಣಕ್ಕೆ ಬಂದು ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಘಟಿಕೋತ್ಸವವನ್ನೂ ಮಾಡಿದ್ದರು. ಕೂಲಿಯವರ, ಕುರುಬರ, ರೈತರ ಮಕ್ಕಳು ಕರಿ ನಿಲುವಂಗಿ ತೊಟ್ಟು, ಚೌಕಾಕಾರದ ಟೊಪ್ಪಿಗೆ ಇಟ್ಟುಕೊಂಡು ಫೋಟೊ ತೆಗೆಸಿಕೊಂಡರು. ಅಲ್ಲಿಂದ ಜ್ಞಾನೇಶ್ವರ ಅವರೆಲ್ಲರನ್ನೂ ಟೆಂಪೊದಲ್ಲಿ ಹತ್ತಿಸಿಕೊಂಡು ನೇರ ಬೀರಲಿಂಗನ ಗುಡಿಗೆ ಬಂದ.

ಕುರಿಯ ಮೊದಲ ಉಣ್ಣೆಯನ್ನೂ ಹೊಲದ ಮೊದಲ ತೆನೆಯನ್ನೂ ದೇವರ ಮುಂದಿಟ್ಟು ಭಂಡಾರ ಹಚ್ಚದೆ ಆ ಮನೆತನದವರು ಬಳಸಿದ್ದಿಲ್ಲ. ಭಂಡಾರವೆಂದರೆ ದೇವರ ಮುಂದಿನ ಅರಿಷಿಣ ಪುಡಿ. ಆ ದಿನ ಅಮೋಘಸಿದ್ದಪ್ಪನವರು ಮೂವತ್ತೊಂದು ಪದವಿ ಕಾಗದಗಳನ್ನು ಒಂದರ ಮೇಲೊಂದು ದೇವರ ಪಾದದ ಬಳಿ ಇಟ್ಟು, ಒಂದೊಂದರ ಮೂಲೆಗೂ ಹೆಬ್ಬೆರಳಿನಿಂದ ಭಂಡಾರ ಹಚ್ಚಿದರು. ಅಂದಿನಿಂದ ಕೇಂದ್ರಕ್ಕೆ ಬರುವವರು ಹೆಚ್ಚಾದರು. "ಈ ಡಿಗ್ರಿ ನಡೀತದೇನೋ?" ಎಂದು ಯಾರಾದರೂ ಕೇಳಿದರೆ, "ಪೂಜಾರಿ ಭಂಡಾರ ಹಚ್ಚ್ಯಾನ, ನಡೀದೇ ಇರ್ತದೇನು?" ಎಂದು ಜನರೇ ಉತ್ತರ ಕೊಡುತ್ತಿದ್ದರು. ಸರಕಾರದ ಮೊಹರನ್ನು ಯಾರೂ ನೋಡಲು ಹೋಗಲಿಲ್ಲ.

ಮಣ್ಣಾದ ಮೇಲೆ ಮನೆಗೆ ಸೂತಕ ಹಿಡಿಯಿತು. ಹನ್ನೊಂದನೆಯ ದಿನದವರೆಗೆ ಪೂಜಾರಿ ಗುಡಿಯ ಹೊಸ್ತಿಲು ಮೆಟ್ಟಬಾರದು, ಭಂಡಾರ ಮುಟ್ಟಬಾರದು, ಬೇರೆಯವರ ಮನೆಗೆ ಹೋಗಬಾರದು. ತಮ್ಮನ ಮಗ ಪೂಜೆ ನೋಡಿಕೊಂಡ. ಅಮೋಘಸಿದ್ದಪ್ಪನವರು ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು, ಬಂದವರಿಗೆ ಕೈಮುಗಿಯುತ್ತ ಕುಳಿತರು.

ಐದನೆಯ ದಿನ ಶನಿವಾರ ಹುಡಗಿ ಊರಿನ ದ್ರೌಪತಿ ತನ್ನ ಮಗಳು ಸುಮೇಧಾಳೊಂದಿಗೆ ಮಾತಾಡಿಸಲು ಬಂದಳು. ದ್ರೌಪತಿ, ಅವಳ ಗಂಡ ಮಚ್ಚೇಂದ್ರ ಇಬ್ಬರೂ ಕೂಲಿ ಮಾಡುವವರು, ಬುದ್ಧನ ದಾರಿಯವರು. ಸುಮೇಧಾ ಆ ಮೂವತ್ತೊಂದು ಪದವೀಧರರಲ್ಲಿ ಒಬ್ಬಳು. ದ್ರೌಪತಿ ಪೂಜಾರಿಯವರ ಹೆಂಡತಿ ಮೀರಾಬಾಯಿಯ ಕೈಹಿಡಿದು ಅತ್ತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಮಗಳನ್ನು ತಿವಿದಳು.

"ಹೇಳು ಈಗ. ಬಸ್ಸಿನಾಗ ಬರೂತನ ಬಾಯಿ ಬಡಕೊಂಡಿ, ಇಲ್ಲಿ ಮೂಕಿ ಆದಿ."

"ಈಗ ಹ್ಯಾಂಗ ಕೇಳೂದವ್ವಾ…"

"ಕೇಳು ತಂಗಿ," ಎಂದರು ಅಮೋಘಸಿದ್ದಪ್ಪನವರು.

ಸರಕಾರಿ ಹಾಸ್ಟೆಲಿನ ವಾರ್ಡನ್ ಹುದ್ದೆಗೆ ಸುಮೇಧಾಳ ಹೆಸರು ಪಟ್ಟಿಯಲ್ಲಿ ಬಂದಿತ್ತು. ಬರುವ ಗುರುವಾರ ಬೀದರಿನಲ್ಲಿ ಕಾಗದಪತ್ರ ಪರೀಕ್ಷೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದೆ ಎಂಬ ಪತ್ರ ಜೋಡಿಸಬೇಕಂತೆ.

"ಸರ್ ತಂದು ಕೊಡ್ತೀನಿ ಅಂದಿದ್ರು ಮುತ್ಯಾ. ಮೂರ್ ಸಲ ಕೇಳಿದ್ದೆ. ನಾಳೆ, ನಾಳೆ ಅಂದ್ರು."

"ಅವನ ಕಾಗದ ಎಲ್ಲಾ ಕೇಂದ್ರದಾಗ ಅದಾವ. ಹುಡುಕಿಸಿ ಕೊಡ್ತೀನಿ. ಚಿಂತಿ ಮಾಡಬ್ಯಾಡ."

ಕೇಂದ್ರದ ಪಕ್ಕದಲ್ಲೇ ಫೈಜಲನ ಝೆರಾಕ್ಸ್ ಅಂಗಡಿ. ಇನ್ನೊಂದು ಕೀಲಿ ಅವನ ಹತ್ತಿರವೇ ಇರುತ್ತಿತ್ತು. ಸೋಮವಾರ ಅವನು ಬಟ್ಟೆ ಚೀಲದ ತುಂಬ ಕಾಗದ ತುಂಬಿಕೊಂಡು ಬಂದ. ಸೊಸೆ ಸಪ್ನಾ ಚಹಾ ತಂದಿಟ್ಟಳು. ಫೈಜಲ ಕುಡಿಯಲಿಲ್ಲ. ಚೀಲದಿಂದ ಒಂದು ಕಂದು ಲಕೋಟೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ.

"ಚಾಚಾ, ಆ ಹುಡುಗಿ ಕೇಳಿದ ಪತ್ರ ಇಲ್ಲ. ಇರೂದು ಇದು."

"ಏನದು?"

"ಸಂಕ್ರಾಂತಿಗಿಂತ ಮೊದಲ ನಮ್ಮ ವಿಶ್ವವಿದ್ಯಾಲಯ ಖರೇ ಅದನೋ ಇಲ್ಲೋ ಅಂತ ಜ್ಞಾನೂ ದಿಲ್ಲಿ ಸರಕಾರಿ ಆಫೀಸಿಗೆ ಅರ್ಜಿ ಕಳಿಸಿದ್ದ. ಟೈಪ್ ಮಾಡಿದಾವ ನಾನೇ. ಇದು ಜವಾಬು." ಇಂಗ್ಲಿಷಿನ ಆ ನಾಲ್ಕು ಸಾಲನ್ನು ಅವನು ನಿಧಾನವಾಗಿ ಕನ್ನಡದಲ್ಲಿ ಹೇಳಿದ. ಈ ಹೆಸರಿನ ವಿಶ್ವವಿದ್ಯಾಲಯ ನಮ್ಮ ಪಟ್ಟಿಯಲ್ಲಿ ಇಲ್ಲ. ಪದವಿ ಕೊಡುವ ಅಧಿಕಾರ ಅದಕ್ಕೆ ಇಲ್ಲ. ಅದು ಕೊಟ್ಟ ಪದವಿ ನೌಕರಿಗೂ ಮುಂದಿನ ಓದಿಗೂ ನಡೆಯುವುದಿಲ್ಲ.



"ಅವನಿಗೆ ತಿಳಿದಿತ್ತು," ಎಂದರು ಅಮೋಘಸಿದ್ದಪ್ಪನವರು.

"ತಿಳಿದಿತ್ರಿ. ಈ ಕಾಗದ ಬಂದ ದಿನ ನನ್ನ ಅಂಗಡ್ಯಾಗ ಕುಂತಾವ, ಶಟರ್ ಎಳಿಯೂತನ ಏಳಲಿಲ್ಲ. ನನಗೂ ಮೋಸ ಆಗ್ಯಾದಲ್ಲೋ ಫೈಜಲ, ಮಂದಿಗೆ ಏನ್ ಹೇಳ್ಲಿ ಅಂದ. ಅವತ್ತಿನಿಂದ ಹೊಸಾ ಹುಡುಗರನ್ನ ತಗೊಳ್ಳಲಿಲ್ಲ. ಬಣ್ಣ ಹಚ್ಚಸ್ತೀನಿ ಅಂತ ಬೋರ್ಡ್ ಇಳಿಸಿದ, ಮತ್ತ ಏರಿಸಲೇ ಇಲ್ಲ. ಉಗಾದಿ ಆದ ಮ್ಯಾಲ ಎಲ್ಲರನ್ನೂ ಕರೆದು ಹೇಳ್ತೀನಿ ಅಂದಿದ್ದ."

"ಉಗಾದಿ ಹೋಗಿ ತಿಂಗಳಾತು."

"ಹೌದ್ರಿ ಚಾಚಾ."

ಫೈಜಲ ಹೋದ ಮೇಲೆ ಸಪ್ನಾ ಲಕೋಟೆಯನ್ನು ಕೈಗೆ ತೆಗೆದುಕೊಂಡಳು. ಅತ್ತು ಅತ್ತು ಅವಳ ದನಿ ಸೀಳಿಹೋಗಿತ್ತು.

"ಮಾವಾರೆ, ಇದನ್ನ ಒಲಿಗೆ ಹಾಕ್ತೀನಿ. ಅವರು ಹೋಗ್ಯಾರ, ಇದೂ ಅವರ ಜೋಡಿ ಹೋಗ್ಲಿ."

"ಒಲಿಗೆ ಹಾಕಿದ್ರ ಆ ಹುಡುಗಿ ಗುರುವಾರ ಬೀದರಕ್ಕ ಹೋಗ್ತಾಳ. ಖೊಟ್ಟಿ ಕಾಗದ ತಂದಾಳ ಅಂತ ಕೇಸ್ ಮಾಡಿದ್ರ?"

"ಪತ್ರ ಸಿಗಲಿಲ್ಲ ಅಂತ ಹೇಳ್ರಿ. ಅಷ್ಟ ಸಾಕು. ಮಣ್ಣು ಹಾಕಿದ ಕೈ ಇನ್ನೂ ಆರಿಲ್ಲ, ಆಗಲೇ ಮಂದಿ ಬಾಯಾಗ ನನ್ನ ಗಂಡ ಠಕ್ಕ ಆಗಬೇಕೇನು? ನೀವು ದೇವರ ಮುಂದ ಕುಂತು ದಿನಾ ಕಳೀತೀರಿ. ನೀರಿಗೆ, ಗಿರಣಿಗೆ ಆ ಮಂದಿ ನಡುವ ಹೋಗಾಕಿ ನಾನು."

ಅವಳ ಮಾತು ಸುಳ್ಳಾಗಿರಲಿಲ್ಲ. ಅಮೋಘಸಿದ್ದಪ್ಪನವರು ತಲೆ ತಗ್ಗಿಸಿದರು. ಮಗನ ಹೆಸರೊಂದು ಉಳಿದಿತ್ತು. ಅದನ್ನೂ ತಾವೇ ಕೈಯಾರೆ ಅಳಿಸಬೇಕೆ? ಆ ದಿನವೆಲ್ಲ ಅನ್ನ ಸೇರಲಿಲ್ಲ. ಮರುದಿನ ಬೆಳಿಗ್ಗೆ ಮೀರಾಬಾಯಿ ಅವರ ಮುಂದೆ ರೊಟ್ಟಿ ಇಟ್ಟು ಕುಳಿತಳು. ಮಗ ಹೋದಾಗಿನಿಂದ ಅವಳು ನಾಲ್ಕು ಮಾತು ಆಡಿದ್ದರೆ ಹೆಚ್ಚು.

"ಸಣ್ಣಾವ ಇದ್ದಾಗ ಕುರಿ ಹಿಂದ ಹೋಗಿ ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ಬರ್ತಿದ್ದ," ಎಂದಳು. "ಅಂಜಿ ಹೇಳ್ತಿದ್ದಿಲ್ಲ. ಬಾತು ಕೀವು ಆದ ಮ್ಯಾಲ ನಮಗ ಗೊತ್ತಾಗ್ತಿತ್ತು. ಕಾಲು ಹಿಡಕೊಂಡು ಮುಳ್ಳು ತೆಗಿಯಾವರು ನೀವೇ ಇದ್ರಿ."

ಅಷ್ಟು ಹೇಳಿ ಎದ್ದು ಒಳಗೆ ಹೋದಳು. ಅವರು ರೊಟ್ಟಿ ಮುರಿದರು.

ಬುಧವಾರ, ಸೂತಕದ ಒಂಬತ್ತನೆಯ ದಿನ, ಅವರು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟರು. ತಮ್ಮನ ಮಗ ದಾರಿಗೆ ಅಡ್ಡ ನಿಂತ.

"ದೊಡ್ಡಪ್ಪಾ, ಸೂತಕದಾಗ ಪೂಜಾರಿ ಮಂದಿ ಮನಿ ಮೆಟ್ಟತಾನೇನು? ಊರ ಏನಂದೀತು? ಫೋನ್ ಮಾಡಿ ಹೇಳ್ರಿ, ಮುಗೀತು."

"ಭಂಡಾರ ಫೋನಿನಾಗ ಹಚ್ಚಿದ್ನೇನೋ?" ಎಂದರು ಅವರು. "ದೇವರಿಗೆ ತಪ್ಪುಕಾಣಿಕೆ ಆಮೇಲೆ ಕಟ್ಟತೀನಿ. ಹಾದಿ ಬಿಡು."

ಹುಮನಾಬಾದಿನಲ್ಲಿ ಬಸ್ಸು ಬದಲಿಸಬೇಕಿತ್ತು. ಕಲ್ಲುಬೆಂಚು ಖಾಲಿ ಇತ್ತು. ಅವರು ಅದರ ಮೇಲೆ ಕೂಡಲಿಲ್ಲ, ನಿಂತೇ ಕಾಯ್ದರು. ಹುಡಗಿಯಲ್ಲಿ ದ್ರೌಪತಿಯ ಮನೆ ಮುಟ್ಟಿದಾಗ ಅವಳು ಅಂಗಳದಲ್ಲಿ ತೊಗರಿ ಕೇರುತ್ತಿದ್ದಳು.

"ಅಯ್ಯ, ಪೂಜಾರಿ ಕಾಕಾ! ಕರೆ ಕಳಿಸಿದ್ರ ನಾವೇ ಬರ್ತಿದ್ವಿ. ಬರ್ರಿ ಒಳಗ."

"ಬ್ಯಾಡ ತಂಗಿ. ಸೂತಕ ಅದ. ಇಲ್ಲೇ ಅಂಗಳದಾಗ ಕೂಡ್ತೀನಿ."

"ನಮ್ಮ ಮನ್ಯಾಗ ಸೂತಕ ಗೀತಕ ಏನೂ ಇಲ್ರಿ. ಬಿಸಲಾಗ ಕುಂತು ನೀವೂ ಮಗನ ಹಿಂದ ಹೊಂಟೀರೇನು? ಬರ್ರಿ."

ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವೆರಡರ ಕೆಳಗೆ ಕರಿ ನಿಲುವಂಗಿಯ ಸುಮೇಧಾಳ ಫೋಟೊ. ಸುಮೇಧಾ ನಾಳೆಗಾಗಿ ಕಾಗದಗಳನ್ನು ಹೊಂದಿಸುತ್ತಿದ್ದವಳು ಎದ್ದು ನಿಂತಳು. ಅಮೋಘಸಿದ್ದಪ್ಪನವರು ಲಕೋಟೆಯನ್ನು ಅವಳ ಕೈಗೆ ಕೊಟ್ಟರು.

"ಓದವ್ವ. ನೀ ಕೇಳಿದ ಪತ್ರ ಅಲ್ಲ ಇದು."

ಸುಮೇಧಾ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ತಾರೀಖು ನೋಡಿದಳು.

"ಮುತ್ಯಾ, ಇದು ಸಂಕ್ರಾಂತಿದು. ನಾ ಫಾರಂ ತುಂಬಿದ್ದು ಶಿವರಾತ್ರಿಗೆ. ತುಂಬುವಾಗ ಸರ್ ನನ್ನ ಬಾಜೂನೇ ಕುಂತಿದ್ರು."

ಮಗನ ಪರವಾಗಿ ಹೇಳಲು ಅವರಲ್ಲಿ ನಾಲ್ಕು ಮಾತಿದ್ದವು. ಅವನಿಗೂ ಮೋಸವಾಗಿತ್ತು, ಅಂಜಿದ್ದ, ಹೇಳುವವನಿದ್ದ. ಒಂದನ್ನೂ ಹೇಳಲಿಲ್ಲ.

"ಹೌದವ್ವಾ," ಎಂದರು. "ತಿಳಿದೂ ಸುಮ್ಮನಿದ್ದ. ಅದು ಅವನ ತಪ್ಪು. ತಿಳೀದೇ ನಾ ಭಂಡಾರ ಹಚ್ಚಿದೆ. ಅದು ನನ್ನ ತಪ್ಪು."

ವಿಷಯ ತಿಳಿದ ದ್ರೌಪತಿಯ ಕೈಯಿಂದ ತೊಗರಿಯ ಮೊರ ಕೆಳಗೆ ಬಿತ್ತು.

"ಮೂರು ವರ್ಷ ಮಂದಿ ಹೊಲದಾಗ ಬಗ್ಗಿ ಇಕಿನ್ನ ಓದಿಸೀನ್ರಿ ಕಾಕಾ. ಓಣ್ಯಾಗ ಎಲ್ಲರೂ ಕೇಳಿದ್ರು, ಆ ಡಿಗ್ರಿ ಖರೇ ಏನು ದ್ರೌಪತಿ ಅಂತ. ಪೂಜಾರಿ ಕಾಕಾ ಸುಳ್ಳಿಗೆ ಭಂಡಾರ ಹಚ್ಚತಾನೇನು ಅಂತ ಅವರ ಬಾಯಿ ಮುಚ್ಚಿಸಿದಾಕಿ ನಾನು! ನಿಮ್ಮ ದೇವರು ಅವತ್ತ ಮಲಗಿದ್ನೇನು?"

"ದೇವರು ಎದ್ದಿದ್ದ. ಮಲಗಿದಾವ ನಾನು."

ದ್ರೌಪತಿ ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತಳು. ಸುಮೇಧಾ ಅಳಲಿಲ್ಲ. ಹೊಂದಿಸಿದ್ದ ಕಾಗದಗಳಲ್ಲಿ ಭಂಡಾರದ ಕಲೆಯಿದ್ದ ಹಾಳೆಯನ್ನು ಹೊರಗೆಳೆದು ಬೇರೆಯಾಗಿ ಇಟ್ಟಳು.

"ನಾಳೆ ಹೋಗೂದಿಲ್ಲ," ಎಂದಳು. "ಅರ್ಜಿ ವಾಪಸ್ ತಗೋತೀನಿ ಅಂತ ಬರೆದು ಕಳಿಸ್ತೀನಿ. ಪಿಯುಸಿ ಖರೇದೇ ಅದ. ಈ ವರ್ಷ ಖರೇ ವಿಶ್ವವಿದ್ಯಾಲಯಕ್ಕ ಹೆಸರು ಹಚ್ಚತೀನಿ. ಮತ್ತ ಮೂರು ವರ್ಷ." ಸ್ವಲ್ಪ ತಡೆದು ಕೇಳಿದಳು: "ಉಳಿದ ಮೂವತ್ತು ಮಂದಿಗೆ ಗೊತ್ತೇನು ಮುತ್ಯಾ? ಹುಲಸೂರದ ಇಬ್ಬರು ಮುಂದಿನ ತಿಂಗಳು ಅರ್ಜಿ ಹಾಕಾವ್ರು ಅದಾರ."

"ಶುಕ್ರವಾರ ಹನ್ನೊಂದನೇ ದಿನ. ಎಲ್ಲರೂ ಬರ್ತಾರ. ಅವತ್ತ ಹೇಳ್ತೀನಿ."

ಹೊರಡುವಾಗ ದ್ರೌಪತಿ ನೀರಿನ ತಂಬಿಗೆಯನ್ನು ಅವರ ಮುಂದೆ ಕುಕ್ಕಿ ಇಟ್ಟಳು. ಅವರು ಕುಡಿದು ಹೊರಟರು.

ಶುಕ್ರವಾರ ಮನೆಯ ಮುಂದೆ ಚಪ್ಪರ ಹಾಕಿದ್ದರು. ಜ್ಞಾನೇಶ್ವರನ ಫೋಟೊಕ್ಕೆ ಹೂವಿನ ಹಾರ. ಮಂದಿ ಒಬ್ಬೊಬ್ಬರೇ ಎದ್ದು ಸರ್ ಎಂಥ ಒಳ್ಳೆಯವರೆಂದು ಹೇಳಿದರು. ಎಡೆ ಹಿಡಿಯುವ ಮೊದಲು ಅಮೋಘಸಿದ್ದಪ್ಪನವರು ಕಂಬ ಹಿಡಿದು ಎದ್ದರು. ಬಾಗಿಲಲ್ಲಿ ನಿಂತಿದ್ದ ಸಪ್ನಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಸರಿದಳು. ಸೋಮವಾರದಿಂದ ಅವಳು ಮಾವನೊಂದಿಗೆ ಮಾತು ಬಿಟ್ಟಿದ್ದಳು. ಆದರೆ ಕೈಯಲ್ಲಿದ್ದ ಲಕೋಟೆಯನ್ನು ಅಂದು ಸುಡದೆ ಅವರಿಗೇ ಬಿಟ್ಟುಕೊಟ್ಟಿದ್ದಳು.

ಅವರು ಹೆಚ್ಚು ಮಾತಾಡಲಿಲ್ಲ. ಪತ್ರದಲ್ಲಿ ಇದ್ದುದನ್ನು ಹೇಳಿದರು. ಮಗನಿಗೆ ನಾಲ್ಕು ತಿಂಗಳಿಂದ ತಿಳಿದಿತ್ತೆಂಬುದನ್ನೂ ಹೇಳಿದರು. "ಆ ಕಾಗದ ನಂಬಿ ಯಾರೂ ಮುಂದಿನ ಹೆಜ್ಜಿ ಇಡಬ್ಯಾಡ್ರಿ. ನನ್ನ ಭಂಡಾರ ನೋಡಿ ನಂಬಿದ್ರ, ಆ ಭಂಡಾರ ನಾ ವಾಪಸ್ ತಗೊಂಡೀನಿ," ಎಂದು ಕೈಮುಗಿದರು.

ಚಪ್ಪರದಲ್ಲಿ ಗುಜುಗುಜು ಎದ್ದಿತು. "ನಮ್ಮ ವರ್ಷ ಯಾರು ಕೊಡಾವ್ರು?" ಎಂದು ಒಬ್ಬ ಹುಡುಗ ಕೂಗಿದ. ಅವರು ಮುಗಿದ ಕೈ ಇಳಿಸದೆ ನಿಂತರು. ಏಳೆಂಟು ಮಂದಿ ಉಣ್ಣದೆ ಎದ್ದು ಹೋದರು. ಉಳಿದವರು ಹೋಗಲೋ ಕೂಡಲೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಆಗ ಹಿಂದಿನ ಸಾಲಿನಿಂದ ಹೆಣ್ಣುದನಿ ಕೇಳಿಸಿತು.

"ಎಲಿ ಹಾಕ್ರಿ. ಸತ್ತಾವನ ಮುಂದ ಎಷ್ಟೊತ್ತು ಜಗಳ ಆಡತೀರಿ? ಹುಗ್ಗಿ ಆರಾಕತ್ತದ."

ದ್ರೌಪತಿ. ಅವಳು ಬಂದದ್ದನ್ನು ಅವರು ನೋಡಿರಲಿಲ್ಲ. ಅವರ ಕಡೆ ನೋಡದೆ, ಮಗಳನ್ನು ಪಕ್ಕಕ್ಕೆ ಕೂಡಿಸಿಕೊಂಡು, ಬಡಿಸಿದ ಹುಗ್ಗಿಯ ಮೊದಲ ತುತ್ತನ್ನು ಅವಳು ಬಾಯಿಗಿಟ್ಟಳು. ಆಮೇಲೆ ಉಳಿದವರೂ ಕೈ ತೊಳೆದು ಕುಳಿತರು.

ಸೂತಕ ಕಳೆಯಿತು. ಅಮೋಘಸಿದ್ದಪ್ಪನವರು ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಗುಡಿಗೆ ಹೋದರು. ಭಂಡಾರದ ಬಟ್ಟಲಿಗೆ ಕೈ ಹಾಕದೆ ಹೊಸ್ತಿಲಿನಲ್ಲೇ ಮಂಡಿಯೂರಿ ಹಣೆ ಹಚ್ಚಿದರು.

"ಬೀರಲಿಂಗ, ನನ್ನಪ್ಪಾ. ನಿನ್ನ ಹೆಸರಿನಲ್ಲಿ ಆದ ತಪ್ಪು ನನ್ನದು, ಅದನ್ನು ನನ್ನ ತಲೆಗೆ ಕಟ್ಟು. ವರ್ಷ ಕಳೆದುಕೊಂಡ ಆ ಮಕ್ಕಳಿಗೆ ನೀನೇ ದಾರಿ ತೋರಿಸು. ನನ್ನ ಮಗ ಕೆಟ್ಟವನಲ್ಲ, ಅಂಜುಬುರುಕ. ಹೇಳಲಾರದ್ದನ್ನು ಎದೆಯಲ್ಲಿ ಇಟ್ಟುಕೊಂಡೇ ನಿನ್ನ ಬಳಿಗೆ ಬಂದಿದ್ದಾನೆ. ಅದನ್ನು ನಾನು ಹೇಳಿ ಮುಗಿಸಿದ್ದೇನೆ. ಇನ್ನು ಅವನಿಗೆ ಆ ಭಾರ ಬೇಡ. ಅವನನ್ನು ನಿನ್ನ ನೆರಳಿನಲ್ಲಿ ಕೂಡಿಸಿಕೊ ತಂದೆ. ಅವನ ಜೀವಕ್ಕೆ ಶಾಂತಿ ಕೊಡು."