ಹೆಬ್ಬಾತಿನ ಮೊಟ್ಟೆ, ಹಿಂಕೆಯ ಬ್ರೆಡ್ಡು

ಫ್ರೀಸ್‌ಲ್ಯಾಂಡಿನ ವೆಸ್ಟರ್‌ಹೋಫ್ ಬಡಾವಣೆಯ ಕೊಳದ ದಾರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲಿ ನೋಡಿದರೂ ಕಾಡು ಹೆಬ್ಬಾತುಗಳ ಹಿಕ್ಕೆ. ಕೊಳದ ಪಕ್ಕದ ಮನೆಯ ಮುದುಕಿ ಹಿಂಕೆ ಜಾರಿ ಬಿದ್ದು ಸೊಂಟ ಮುರಿದುಕೊಂಡದ್ದೂ ಅದರ ಮೇಲೆಯೇ. ಆದರೂ ಆ ಮಹಾತಾಯಿ ಗಾಲಿಕುರ್ಚಿಯಲ್ಲಿ ಕೂತು ಕಿಟಕಿಯಿಂದ ಅವಕ್ಕೆ ಹಳೆ ಬ್ರೆಡ್ ಎಸೆಯುವುದನ್ನು ಬಿಟ್ಟಿರಲಿಲ್ಲ.

ಏಪ್ರಿಲ್‌ನಲ್ಲಿ ನಗರಸಭೆ ಕಡ್ಡಿ ಮುರಿದಂತೆ ಹೇಳಿತು. ಈ ವರ್ಷವೂ ಮರಿಗಳು ಹೆಚ್ಚಿದರೆ, ಜೂನ್‌ನಲ್ಲಿ ರೆಕ್ಕೆಗರಿ ಉದುರಿ ಹಕ್ಕಿಗಳು ಹಾರಲಾರದೆ ಇರುವಾಗ ಎಲ್ಲವನ್ನೂ ಬೋನಿಗಟ್ಟಿ ಕೊಲ್ಲಲಾಗುವುದು. ಅಂದಿನಿಂದ ಹಿಂಕೆಗೆ ಊಟ ಸೇರಲಿಲ್ಲ.

ಅವಳ ಗಂಡ ಡೌವೆಗೆ ಆ ಹಕ್ಕಿಗಳನ್ನು ಕಂಡರಾಗದು. ಆದರೆ ಹೆಂಡತಿಯ ಬಾಡಿದ ಮುಖವನ್ನೂ ನೋಡಲಾಗಲಿಲ್ಲ. ಮೊಟ್ಟೆಯೇ ಇಲ್ಲದಿದ್ದರೆ ಮರಿ ಎಲ್ಲಿಂದ ಬಂದೀತು ಎಂದುಕೊಂಡು ಚೀಲ ಹಿಡಿದು ಜೊಂಡಿನೊಳಗೆ ಇಳಿದ. ಚಿಕ್ಕಂದಿನಲ್ಲಿ ಹುಲ್ಲುಗಾವಲಿನಲ್ಲಿ ಟಿಟ್ಟಿಭ ಹಕ್ಕಿಯ ಮೊಟ್ಟೆ ಹುಡುಕುವುದರಲ್ಲಿ ಅವನದು ಎತ್ತಿದ ಕೈ. ಆಗ ಅಲ್ಲಿನವರಿಗೆ ವಸಂತವೆಂದರೆ ಅದೇ ಆಗಿತ್ತು.

ಗಂಡು ಹೆಬ್ಬಾತು ಕತ್ತು ಚಾಚಿ ಬುಸುಗುಟ್ಟುತ್ತ ನುಗ್ಗಿತು. ರೆಕ್ಕೆಯ ಏಟು ಮೊಣಕಾಲಿಗೆ ಬಿತ್ತು. ಡೌವೆ ಹಲ್ಲು ಕಚ್ಚಿ ಗೂಡಿಗೆ ಕೈ ಹಾಕಿದ.

"ಡೌವೆಯವರೇ, ಅದನ್ನ ಅಲ್ಲೇ ಇಡಿ."

ದಂಡೆಯ ಮೇಲೆ ಮಾರಿಟ್ ನಿಂತಿದ್ದಳು, ಕೈಯಲ್ಲಿ ಬಕೆಟ್ಟು, ಕಂಕುಳಲ್ಲಿ ಕೊಡೆ. ಅದೇ ಬೀದಿಯವಳು. ನಗರಸಭೆಯ ಅನುಮತಿ ಪಡೆದು ಹಕ್ಕಿಗೂಡು ನೋಡಿಕೊಳ್ಳುವ ಕೆಲಸ ಅವಳದು.

"ನಿನ್ನ ಉಪದೇಶ ಆಮೇಲೆ ಮಾರಾಯ್ತಿ. ಮೊದಲು ಇವನ್ನ ಹೊತ್ಕೊಂಡು ಹೋಗ್ತೀನಿ."

"ಹೊತ್ಕೊಂಡು ಹೋಗಿ, ಆದ್ರೆ ಒಂದು ಕೇಳ್ತೀನಿ. ನೀವು ಟಿಟ್ಟಿಭದ ಮೊಟ್ಟೆ ತಗೊಂಡು ಹೋದ್ಮೇಲೆ ಅದೇನು ಮಾಡ್ತಿತ್ತು?"

ಡೌವೆ ಕೈಯಲ್ಲಿದ್ದ ಮೊಟ್ಟೆಯನ್ನು ಗೂಡಿಗೆ ಇಟ್ಟ. ಉತ್ತರ ಅವನಿಗೇ ಗೊತ್ತಿತ್ತು.

"ಮತ್ತೆ ಇಡ್ತಿತ್ತು," ಎಂದ ಮೆಲ್ಲಗೆ.

"ಇದೂ ಅಷ್ಟೇ. ಕೊಡೆ ಬಿಚ್ಚಿ ಹಿಡೀರಿ, ಗಂಡು ಹತ್ತಿರ ಬರಲ್ಲ."

ಅವಳು ಜೊಂಡಿಗೆ ಇಳಿದು ಕೊಡೆಯನ್ನು ಅವನ ಕೈಗಿತ್ತು, ಒಂದು ಮೊಟ್ಟೆಯನ್ನು ಬಕೆಟ್ಟಿನ ನೀರಿಗೆ ಬಿಟ್ಟಳು. ಡೌವೆ ಉಸಿರು ಹಿಡಿದು ನೋಡಿದ. ಮೊಟ್ಟೆ ಓಲಾಡಿತು, ತಳಕ್ಕೆ ಹೋಗಿ ಕೂತಿತು.

"ಮುಳುಗ್ತು. ಒಳಗಿನ್ನೂ ಮರಿ ಬೆಳೆದಿಲ್ಲ," ಎಂದು ಮಾರಿಟ್ ಗೂಡಿನ ಮೊಟ್ಟೆಗಳನ್ನೆಲ್ಲ ಹಾಗೇ ನೋಡಿ, ಒರೆಸಿ, ಮೆಕ್ಕೆಜೋಳದ ಎಣ್ಣೆ ಸವರಿ ವಾಪಸ್ಸು ಇಟ್ಟಳು. "ಗಾಳಿಯಾಡಲ್ಲ, ಇನ್ನು ಬೆಳೆಯಲ್ಲ. ತಾಯಿ ಕಾವು ಕೂತೇ ಇರ್ತಾಳೆ. ಎದ್ದು ಹೋಗೋ ಹೊತ್ತಿಗೆ ಮತ್ತೆ ಇಡೋ ಕಾಲ ದಾಟಿರುತ್ತೆ."

ಪಕ್ಕದ ಗೂಡಿನ ಮೊಟ್ಟೆಗಳು ಮಾತ್ರ ತೇಲಿದವು. ಡೌವೆ ಎಣ್ಣೆ ಬಾಟಲಿಗೆ ಕೈ ಚಾಚಿದ. ಮಾರಿಟ್ ತಡೆದಳು. "ತೇಲಿದ್ರೆ ಒಳಗೆ ಮರಿ ಬೆಳೆದಿದೆ ಅಂತ. ಇವುಗಳಲ್ಲಿ ಜೀವ ಇದೆ. ನೋಯಿಸೋ ಹಾಗಿಲ್ಲ. ಇವು ಬದುಕಲಿ."

"ಹಾಗಾದ್ರೆ ಜೂನ್‌ನಲ್ಲಿ?"

"ಮೊಟ್ಟೆ ನನ್ನ ಪಾಲು. ಬ್ರೆಡ್ಡು ನಿಮ್ಮನೆ ಪಾಲು. ಅದು ನಿಲ್ಲದಿದ್ರೆ ಊರಾಚೆಯವೂ ಇಲ್ಲಿಗೇ ಬರ್ತವೆ."

ಡೌವೆಗೆ ಹಕ್ಕಿಯ ಏಟಿಗಿಂತ ಈ ಮಾತು ಜೋರಾಗಿ ತಗುಲಿತು. ಹಿಂಕೆಗೆ ಇದನ್ನು ಹೇಳುವವರು ಯಾರು? ಮಾರಿಟ್‌ಳನ್ನೇ ಮನೆಗೆ ಕರೆದೊಯ್ದ.

"ಬ್ರೆಡ್ ಕಸಕ್ಕೆ ಹಾಕ್ಲಾ?" ಎಂದಳು ಹಿಂಕೆ. "ನಮ್ಮಮ್ಮ ಯುದ್ಧಕಾಲದ ಬರದ ಚಳಿಗಾಲದಲ್ಲಿ ಟುಲಿಪ್ ಹೂವಿನ ಗಡ್ಡೆ ತಿಂದು ಬದುಕಿ, ಆಮ್‌ಸ್ಟರ್‌ಡ್ಯಾಮಿಂದ ಇಲ್ಲಿಗೆ ಬಂದೋಳು. ನಮ್ಮನೇಲಿ ಒಂದು ತುಣುಕೂ ಎಸೆದಿಲ್ಲ."

"ಎಸೀಬೇಡಿ ಹಿಂಕೆ. ಆದ್ರೆ ಅವಕ್ಕೂ ಕೊಡಬೇಡಿ," ಎಂದಳು ಮಾರಿಟ್. "ನೀವು ಕೊಟ್ಟು ಕೊಟ್ಟು ಅವಕ್ಕೆ ಮನುಷ್ಯರ ಭಯಾನೇ ಹೋಗಿದೆ. ಜೂನ್‌ನಲ್ಲಿ ಬೋನು ಹಿಡ್ಕೊಂಡು ಬಂದವರ ಕಡೆಗೂ ಅವು ನಡ್ಕೊಂಡೇ ಹೋಗ್ತವೆ. ಬ್ರೆಡ್ ಕೊಡ್ತಾರೆ ಅಂತ."

ಹಿಂಕೆ ಕಿಟಕಿಯ ಕಡೆ ನೋಡಿದಳು. ಗಾಜಿನಾಚೆ ಹೆಬ್ಬಾತುಗಳು ಆಗಲೇ ಕತ್ತೆತ್ತಿ ಕಾಯುತ್ತಿದ್ದವು. ಅವಳ ಕಣ್ಣು ತುಂಬಿತು.

"ಡೌವೆ, ಪರದೆ ಎಳಿ. ಹಾಲು, ಕೋಳಿಮೊಟ್ಟೆ ಕೊಡು."

ಆ ಬ್ರೆಡ್ಡನ್ನು ಹಾಲು ಮೊಟ್ಟೆಯಲ್ಲಿ ಅದ್ದಿ, ಬೆಣ್ಣೆಯಲ್ಲಿ ಕರಿದು, ದಾಲ್ಚಿನ್ನಿ ಉದುರಿಸಿ ಮೂವರಿಗೂ ಬಡಿಸಿದಳು. ತಾನೂ ತಿಂದಳು. ಹೊರಗೆ ಹಕ್ಕಿಗಳು ಬಹಳ ಹೊತ್ತು ಕಿರುಚಿದವು. ಡೌವೆ ಪರದೆಯ ಅಂಚು ಸರಿಸಿ ನೋಡಿದ. ಕೊನೆಗೆ ಅವು ನೀರಿಗಿಳಿದವು.

ಮುಂದೆ ಬಡಾವಣೆಯವರು ದಂಡೆಯ ಹುಲ್ಲು ಕತ್ತರಿಸುವುದನ್ನೂ ನಿಲ್ಲಿಸಿದರು. ಎತ್ತರದ ಹುಲ್ಲಿನಲ್ಲಿ ನರಿ ಅಡಗಿದ್ದೀತೆಂಬ ಅಂಜಿಕೆಗೆ ಹೆಬ್ಬಾತುಗಳು ದಾರಿಯತ್ತ ಬರುವುದು ಕಡಿಮೆಯಾಯಿತು. ಜೂನ್‌ನಲ್ಲಿ ಡೌವೆ ಹಿಂಕೆಯ ಕುರ್ಚಿ ತಳ್ಳಿಕೊಂಡು ಕೊಳದ ಸುತ್ತ ಹೋದ. ಬೋನು ಬರಲಿಲ್ಲ. ತೇಲಿದ ಮೊಟ್ಟೆಗಳ ಮರಿಗಳು ತಾಯಿಯ ಹಿಂದೆ ಈಜುತ್ತಿದ್ದವು. ಮನುಷ್ಯರನ್ನು ಕಂಡು ದೂರ ಸರಿದವು. ಹಿಂಕೆಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು.

ನಿಮ್ಮ ಕೊಳದಲ್ಲೂ ಹೆಬ್ಬಾತು ಹೆಚ್ಚಿವೆಯೇ? ಸಿಟ್ಟಿನಿಂದ ಗೂಡಿಗೆ ಕೈ ಹಾಕಬೇಡಿ, ಅದು ತಿಳಿದವರ ಕೆಲಸ. ವಸಂತದ ಮೊದಲಲ್ಲೇ, ಮೊಟ್ಟೆ ತೇಲುವ ಮುಂಚೆ, ಅವರಿಗೆ ತಿಳಿಸಿ. ದಂಡೆಯ ಹುಲ್ಲು ಬೆಳೆಯಲು ಬಿಡಿ. ಕೈಯಲ್ಲಿರುವ ಆ ಬ್ರೆಡ್ ತುಂಡನ್ನು ಪ್ರೀತಿಯಿಂದ ಎಸೆಯಹೊರಟಿದ್ದೀರಲ್ಲ, ಬೇಡ. ಅದನ್ನು ನೀವೇ ತಿನ್ನಿ, ಅವು ಬದುಕಲಿ.