ಮೂರನೆಯ ಸ್ನಾನ

ಹಂಡೆಯ ನೀರು ಕಾದು, ಆರಿ, ಮತ್ತೆ ಕಾದಿತ್ತು. ಖುರ್ಷಿದಾ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿ ಹೊಸ್ತಿಲಲ್ಲಿ ಕುಳಿತಳು. ಪಕ್ಕದ ಮನೆಯ ಧೂಳಮ್ಮ ಗೋಡೆಯ ಮೇಲಿಂದ ಇಣುಕಿದಳು.

"ಮುಂಜಾನಿಂದ ಹೊಗಿ ನೋಡಾಕತ್ತೇನಿ. ಇನ್ನಾ ಮೈ ತೊಳ್ಕೊಂಡಿಲ್ಲೇನವ್ವಾ?"

"ತೊಳ್ಕೊಂಡ್ರ ಮುಗೀತಲ್ರಿ ಆಯಿ. ಮೂರನೇ ಸಲದ ಮುಟ್ಟು ಇವತ್ತ ನಿಂತೈತಿ. ಜಳಕ ಆತಂದ್ರ ತಲಾಕಿನ ಇದ್ದತ್ ತೀರ್ತು. ಆಮ್ಯಾಲ ಅವರು ಕರದ್ರೂ ಹೊಸಾದಾಗಿ ನಿಕಾ ಆಗಬೇಕು."

"ಅಲ್ಲೀತನಕ?"

"ಅಲ್ಲೀತನಕ ಅವರು 'ಇರು' ಅಂದ್ರ ಸಾಕ್ರಿ, ತಲಾಕ್ ರದ್ದು."

ಧೂಳಮ್ಮ ಗೋಡೆಯಿಂದ ಕೆಳಗಿಳಿದಳು.

ಮಗಳು ಮದುವೆಯಾಗಿ ಹೈದರಾಬಾದಿಗೆ ಹೋದ ಮೇಲೆ ಬಸವಕಲ್ಯಾಣದ ಆ ಮನೆಯಲ್ಲಿ ಮಾತು ಸೊರಗಿತ್ತು. ಜಗಳವಾದರೂ ಆಗಿದ್ದರೆ ಅವಳಿಗೆ ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ಒಂದು ಶುಕ್ರವಾರ ಗಂಡ ಮೊಹಿನುದ್ದೀನ್ ಇಬ್ಬರು ಹಿರಿಯರ ಮುಂದೆ ತಲೆ ತಗ್ಗಿಸಿ ಒಂದೇ ಒಂದು ಸಲ ತಲಾಕ್ ಹೇಳಿದ. ಇದ್ದತ್ ಎಂಬ ಮೂರು ಮುಟ್ಟಿನ ಗಡುವು ಮುಗಿಯುವವರೆಗೆ ಅವಳನ್ನು ಮನೆ ಬಿಡಿಸುವಂತಿಲ್ಲ, ಅವಳ ಖರ್ಚೂ ನಿನ್ನದೇ ಎಂದರು ಹಿರಿಯರು. ಅವನು ಚಾಚೂ ತಪ್ಪದೆ ನಡೆದುಕೊಂಡ. ಜೋಳ, ಎಣ್ಣೆ, ಸಕ್ಕರೆ ತಂದಿಟ್ಟ. ತಾನು ಹೊರಗೆ ಉಂಡು ಬಂದು ಮುಂದಿನ ಕೋಣೆಯಲ್ಲಿ ಮಲಗಿದ. ಮೂರು ತಿಂಗಳು ಅವಳು ಗೋಡೆಯಾಚೆಯ ಕೆಮ್ಮು ಕೇಳುತ್ತ ಇದ್ದಳು.

ಮಸೀದಿಯ ಮಧ್ಯಾಹ್ನದ ಬಾಂಗಿಗೆ ಮುಂಚೆ ಅಂಗಳದಲ್ಲಿ ಗಾಡಿ ನಿಂತಿತು. ಆ ಹೊತ್ತಿಗೆ ಅವನು ಎಂದೂ ಮನೆಗೆ ಬಂದವನಲ್ಲ. ಖುರ್ಷಿದಾ ಎದ್ದು ಸೆರಗು ಸರಿಮಾಡಿಕೊಂಡಳು.

"ಖುರ್ಷಿದಾ."

ಮೂರು ತಿಂಗಳಲ್ಲಿ ಅವನು ಅವಳ ಹೆಸರು ಹಿಡಿದು ಕರೆದದ್ದು ಇದೇ ಮೊದಲು.

"ಹೇಳ್ರಿ."

ಅವನು ಕಾಗದದ ಪೊಟ್ಟಣವೊಂದನ್ನು ಕಟ್ಟೆಯ ಮೇಲಿಟ್ಟ. "ನಿಕಾದಾಗ ಕೊಟ್ಟ ನಿನ್ನ ಮೆಹರಿನ ಬಂಗಾರದ ಬಳಿ. ಅಂಗಡಿ ಹಾಕೋ ಮುಂದ ಅಡವ ಇಟ್ಟಿದ್ನಲ್ಲ, ಬಿಡಿಸ್ಕೊಂಡು ಬಂದೀನಿ. ನಿನ್ನವು ಅವು. ನನ್ನ ಹತ್ರ ಉಳೀಬಾರದು."

ಹನ್ನೆರಡು ವರ್ಷ ಅವಳು ಆ ಬಳೆಗಳನ್ನು ಕೇಳಿರಲಿಲ್ಲ. ಕೇಳದೆ ಇರುವುದೇ ಸಂಸಾರ ಎಂದುಕೊಂಡಿದ್ದಳು.

"ಚಾ ಇಡ್ಲೇನ್ರಿ?"

ಅವನು ಒಲೆಯ ಕಡೆ, ಆವಿಯಾಡುವ ಹಂಡೆಯ ಕಡೆ ನೋಡಿದ. ತುಟಿ ಅಲುಗಿತು. ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ಬ್ಯಾಡ. ಅಂಗಡ್ಯಾಗ ಯಾರೂ ಇಲ್ಲ."

ಗಾಡಿಯ ಸದ್ದು ಓಣಿ ದಾಟಿದ ಮೇಲೆ ಬಾಂಗ್ ಕೇಳಿಸಿತು. ಖುರ್ಷಿದಾ ಬಚ್ಚಲಿನ ಬಾಗಿಲು ಹಾಕಿಕೊಂಡಳು. ತಲೆಯಿಂದ ಪಾದದವರೆಗೆ, ಒಂದು ಕೂದಲೂ ಒಣಗಿ ಉಳಿಯದಂತೆ, ನೀರು ಸುರಿದುಕೊಂಡಳು.

ಸಂಜೆ ಹುಮನಾಬಾದಿನ ಬಸ್ಸು ಹತ್ತಿದಳು. ಅಲ್ಲಿ ಅಣ್ಣನ ಮನೆಯಿತ್ತು. ಗಂಟು ಹೊತ್ತ ಹೆಂಗಸೊಬ್ಬಳು ಬಂದು, "ಇಲ್ಲಿ ಯಾರರ ಬರಾವ್ರು ಅದಾರೇನ್ರಿ?" ಎಂದು ಕೇಳಿದಳು.

"ಇಲ್ರಿ. ಕುಂದರ್ರಿ," ಎಂದು ಖುರ್ಷಿದಾ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

ದಾರಿಯ ರಾಜೇಶ್ವರ ಊರು ಬರುವಷ್ಟರಲ್ಲಿ ಆ ಹೆಂಗಸು ನಿದ್ದೆ ಹೋಗಿದ್ದಳು. ಅವಳ ತಲೆ ವಾಲಿ ವಾಲಿ ಕೊನೆಗೆ ಖುರ್ಷಿದಾಳ ಹೆಗಲ ಮೇಲೆ ನಿಂತಿತು. ಖುರ್ಷಿದಾ ಹುಮನಾಬಾದಿನವರೆಗೂ ಹೆಗಲನ್ನು ಅಲುಗಿಸಲಿಲ್ಲ.